ಎಂಜಿನ್ ಕಸಿ

ಮೀನಂಗಡಿಯ ಸುತ್ತಲಿನ ತೋಟಗಳಲ್ಲಿ ಕಸಿ ಎಂಬ ಮಾತಿಗೆ ವಿವರಣೆ ಬೇಕಾಗಿಲ್ಲ. ವಯನಾಡಿನ ಕಾಳುಮೆಣಸಿಗೆ ಸೊರಗು ರೋಗ ತಗುಲಿ ಬಳ್ಳಿಗಳು ಬುಡದಿಂದಲೇ ಕೊಳೆತು ಒಣಗುವುದನ್ನು ಕಂಡ ಬೆಳೆಗಾರರಿಗೆ, ದಕ್ಷಿಣ ಅಮೆರಿಕ ಮೂಲದ ಹಿಪ್ಪಲಿ ಜಾತಿಯ ಬೇರಿನ ಮೇಲೆ ಊರಿನ ಬಳ್ಳಿಯನ್ನು ಕೂಡಿಸುವ ಉಪಾಯ ತಿಳಿದಿದೆ. ಬೇರು ರೋಗವನ್ನು ತಡೆಯುತ್ತದೆ, ಬಳ್ಳಿ ಕಾಳು ಕೊಡುತ್ತದೆ. ಆದರೆ ಎರಡರ ಕಾಂಡಗಳು ಒಂದೇ ಹದದಲ್ಲಿ ದಪ್ಪವಾಗುವುದಿಲ್ಲ. ಕೆಲವು ವರ್ಷ ಹುಲುಸಾಗಿ ಬೆಳೆದ ಬಳ್ಳಿಯೂ ಕೂಡಿಸಿದ ಗಂಟಿನಲ್ಲಿಯೇ ಸೋಲುವುದುಂಟು. ಕನ್ನಡದಲ್ಲಿ ಇದೇ ರೂಪದ ಇನ್ನೊಂದು ಮಾತಿದೆ: ಕಸಿ ಎಂದರೆ ಕಿತ್ತುಕೊಳ್ಳು. ಎರಡರ ಮೂಲವೂ ಒಂದೇ ಎಂದು ವಾದಿಸಬೇಕಾಗಿಲ್ಲ. ಆದರೂ ಒಂದು ಯಂತ್ರದ ಎದೆಯಿಂದ ಎಂಜಿನ್ನನ್ನು ಕಿತ್ತು ಇನ್ನೊಂದರ ಎದೆಗೆ ಕೂಡಿಸುವ ಕೆಲಸಕ್ಕೆ ಇಷ್ಟು ಚೆನ್ನಾಗಿ ಒಪ್ಪುವ ಶಬ್ದ ಬೇರೆ ಭಾಷೆಗಳಲ್ಲಿ ಸಿಗುವುದು ಕಷ್ಟ.

ಕೋಳಿಕ್ಕೋಡಿನಿಂದ ಘಟ್ಟವೇರಿ ಬಂದ 766ನೆಯ ರಾಷ್ಟ್ರೀಯ ಹೆದ್ದಾರಿ ಮೀನಂಗಡಿಯನ್ನು ಹಾದು ಸುಲ್ತಾನ್ ಬತ್ತೇರಿ, ಗುಂಡ್ಲುಪೇಟೆಗಳ ಮಾರ್ಗವಾಗಿ ಕರ್ನಾಟಕಕ್ಕೆ ಇಳಿಯುತ್ತದೆ. ಇಂಥ ಮಲೆಸೀಮೆಯ ಹಳೆಯ ಜೀಪುಗಳು ಎಂಜಿನ್ ಕಸಿಯನ್ನು ಬಹಳ ಹಿಂದೆಯೇ ಕಂಡಿವೆ. ವಿಲ್ಲೀಸ್ ಜೀಪಿನ 2.2 ಲೀಟರಿನ ಪೆಟ್ರೋಲ್ ಎಂಜಿನ್ನನ್ನು ಇಳಿಸಿ ಆ ಜಾಗದಲ್ಲಿ ಡೀಸೆಲ್ ಎಂಜಿನ್ ಕೂರಿಸುವುದು ರಸ್ತೆಬದಿಯ ವರ್ಕ್‌ಶಾಪುಗಳ ನಿತ್ಯದ ಕೆಲಸವಾಗಿತ್ತು. ಮಹೀಂದ್ರ ಕಾರ್ಖಾನೆಯೇ ತನ್ನ ಜೀಪುಗಳಿಗೆ ಪೂಜೋ ವಿನ್ಯಾಸದ 2.1 ಲೀಟರಿನ ಡೀಸೆಲ್ ಎಂಜಿನ್ ಹಾಕಿತು. ಅಲ್ಲಿ ಯಾರಿಗೂ ವೇಗ ಬೇಕಿರಲಿಲ್ಲ. ಪೆಟ್ರೋಲಿನ ಖರ್ಚು ಇಳಿಯಬೇಕು, ಮೂಟೆ ಹೇರಿಕೊಂಡು ಏರು ಹತ್ತಬೇಕು, ಇಷ್ಟೇ. ರೇಸ್ ಟ್ರ್ಯಾಕಿಗಾಗಿ ನಡೆಯುವ ಕಸಿಯ ಹಸಿವೇ ಬೇರೆ. ಎರಡೇ ಆಸನಗಳ, ಮೇಲ್ಚಾವಣಿಯಿಲ್ಲದ ಪುಟ್ಟ ರೋಡ್‌ಸ್ಟರ್ ಕಾರಿನೊಳಗೆ ಅದರ ಮೈಗೆ ಮೀರಿದ ಶಕ್ತಿಯನ್ನು ತುಂಬುವ ಆಸೆ ಅದು.

ಆ ಆಸೆಯ ಅತ್ಯಂತ ಪ್ರಸಿದ್ಧ ಉದಾಹರಣೆ ಅಮೆರಿಕದ ಕ್ಯಾರೊಲ್ ಶೆಲ್ಬಿಯದು. 1959ರಲ್ಲಿ ಲೆ ಮಾನ್ಸ್‌ನ 24 ಗಂಟೆಗಳ ಪಂದ್ಯವನ್ನು ರಾಯ್ ಸಾಲ್ವಡೋರಿಯ ಜೊತೆಗೂಡಿ ಗೆದ್ದ ಈ ಚಾಲಕನಿಗೆ ಹೃದಯದ ಕಾಯಿಲೆಯಿತ್ತು. ಎದೆನೋವಿನ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡು ಆತ ಪಂದ್ಯಗಳಲ್ಲಿ ಓಡಿಸಿದ್ದುಂಟು. 1960ರ ಹೊತ್ತಿಗೆ ಅದನ್ನೂ ಬಿಡಬೇಕಾಯಿತು. ಓಡಿಸಲಾರದವನು ಕಟ್ಟಿಸಲು ಹೊರಟ. ಇಂಗ್ಲೆಂಡಿನ ಏಸಿ ಕಂಪನಿಯ ಏಸ್ ಎಂಬ ರೋಡ್‌ಸ್ಟರಿಗೆ ಎಂಜಿನ್ ಒದಗಿಸುತ್ತಿದ್ದ ಬ್ರಿಸ್ಟಲ್ ಸಂಸ್ಥೆ ತನ್ನ ಆರು ಸಿಲಿಂಡರಿನ ಎರಡು ಲೀಟರ್ ಎಂಜಿನ್ ತಯಾರಿಕೆಯನ್ನು ನಿಲ್ಲಿಸುತ್ತಿತ್ತು. 1961ರಲ್ಲಿ ಶೆಲ್ಬಿ ಏಸಿಗೆ ಪತ್ರ ಬರೆದು, ಆ ಮೈಯೊಳಗೆ ಅಮೆರಿಕದ ವಿ8 ಎಂಜಿನ್ ಕೂರಿಸಲಾದೀತೇ ಎಂದು ಕೇಳಿದ. ಫೋರ್ಡಿನ ಹೊಸ ವಿ8 ತೆಳುಗೋಡೆಯ ಎರಕದ್ದು. ಅಳತೆಯಲ್ಲಿ ಇಮ್ಮಡಿಯಾದರೂ ತೂಕದಲ್ಲಿ ಹಳೆಯದಕ್ಕಿಂತ ಬಹಳ ಹೆಚ್ಚಿನದಲ್ಲ. 1962ರ ಆರಂಭದಲ್ಲಿ ಅದು ಏಸ್‌ನ ಒಳಗೆ ಕೂತಿತು. ಕಾರಿಗೆ ಕೋಬ್ರಾ ಎಂದು ಹೆಸರಾಯಿತು.

ಕೂತಿತು ಎಂಬ ಒಂದೇ ಕ್ರಿಯಾಪದದಲ್ಲಿ ಮುಗಿಯುವ ಕೆಲಸ ಅದಲ್ಲ. ಅಗಲವಾದ ವಿ8ಗೆ ಜಾಗ ಬಿಡಲು ಸ್ಟಿಯರಿಂಗ್ ಪೆಟ್ಟಿಗೆಯನ್ನು ಹೊರಕ್ಕೆ ಸರಿಸಬೇಕಾಯಿತು. ಹಿಂದಿನ ಡಿಫರೆನ್ಷಿಯಲ್ ಹೊಸ ಶಕ್ತಿಯನ್ನು ತಾಳುವುದಿಲ್ಲವೆಂದು ಹೆಚ್ಚು ಗಟ್ಟಿಯಾದುದನ್ನು ತಂದು ಹಾಕಬೇಕಾಯಿತು. ಕೆಲವು ವರ್ಷಗಳ ಬಳಿಕ ಏಳು ಲೀಟರಿನ ಎಂಜಿನ್ ಹಾಕುವ ಆಸೆಯಾದಾಗ ಹಳೆಯ ಚಾಸಿಯೇ ಸಾಲದಾಯಿತು. ಕೊಳವೆಗಳು ದಪ್ಪಗಾದವು, ಅಡ್ಡಪಟ್ಟಿಯ ಸ್ಪ್ರಿಂಗುಗಳ ಜಾಗಕ್ಕೆ ಸುರುಳಿ ಸ್ಪ್ರಿಂಗುಗಳು ಬಂದವು. ಬ್ರಿಟನ್ನಿನ ಸನ್‌ಬೀಮ್ ಆಲ್ಪೈನ್ ರೋಡ್‌ಸ್ಟರಿಗೂ ಇದೇ ಫೋರ್ಡ್ ವಿ8 ಹಾಕಿ 1964ರಲ್ಲಿ ಟೈಗರ್ ಎಂದು ಹೊರತಂದರು. ಅಲ್ಲಿ ಜಾಗ ಎಷ್ಟು ಇಕ್ಕಟ್ಟೆಂದರೆ ಒಂದು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಲು ಕಾರಿನೊಳಗೆ ಕಾಲಿಡುವ ಕಡೆಯಿಂದ ರಂಧ್ರವೊಂದನ್ನು ಬಿಡಬೇಕಾಯಿತು. ಕಂಪನಿ ಕ್ರೈಸ್ಲರ್ ಕೈಸೇರಿದ ಮೇಲೆ ಪ್ರತಿಸ್ಪರ್ಧಿಯ ಎಂಜಿನ್ ಹಾಕುವುದು ಅವಮಾನವೆನಿಸಿತು. ಕ್ರೈಸ್ಲರಿನ ಸ್ವಂತ ವಿ8 ಆ ಗೂಡಿನಲ್ಲಿ ಹಿಡಿಸಲಿಲ್ಲ. ಟೈಗರ್ 1967ರಲ್ಲಿ ನಿಂತುಹೋಯಿತು.

ಯಂತ್ರದ ಕಸಿಯಲ್ಲಿಯೂ ಮೊದಲು ಸೋಲುವುದು ಕೂಡಿಸಿದ ಗಂಟು. ಹೊಸ ಎಂಜಿನ್ನಿನ ಬೆನ್ನಿಗೂ ಗೇರ್‌ಬಾಕ್ಸಿನ ಮುಖಕ್ಕೂ ಬೋಲ್ಟಿನ ರಂಧ್ರಗಳು ಹೊಂದುವುದಿಲ್ಲವಾದ್ದರಿಂದ ನಡುವೆ ಒಂದು ದಪ್ಪ ತಗಡನ್ನು ಕೊರೆದು ಇಡುತ್ತಾರೆ. ಕ್ರ್ಯಾಂಕ್ ಶಾಫ್ಟಿನ ನಡುಗೆರೆಯೂ ಗೇರ್‌ಬಾಕ್ಸಿನ ಒಳಶಾಫ್ಟಿನ ನಡುಗೆರೆಯೂ ಒಂದೇ ಆಗಿರಬೇಕು. ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲು ತಪ್ಪಿದರೂ ಮೊದಲ ದಿನ ಏನೂ ತಿಳಿಯುವುದಿಲ್ಲ. ಕ್ಲಚ್ಚು ಎಳೆಯತೊಡಗುತ್ತದೆ, ಬೇರಿಂಗು ಸದ್ದು ಮಾಡತೊಡಗುತ್ತದೆ, ಒಂದು ದಿನ ಬಿಟ್ಟುಹೋಗುತ್ತದೆ. ಅಲ್ಲಿಂದ ಮುಂದೆ ಬಲಹೀನತೆ ಜಾಗ ಬದಲಿಸುತ್ತಾ ಸಾಗುತ್ತದೆ. ಕ್ಲಚ್ಚನ್ನು ಗಟ್ಟಿ ಮಾಡಿದರೆ ಗೇರಿನ ಹಲ್ಲು ಮುರಿಯುತ್ತದೆ, ಗೇರ್‌ಬಾಕ್ಸ್ ಬದಲಿಸಿದರೆ ಚಕ್ರಕ್ಕೆ ಹೋಗುವ ಶಾಫ್ಟು ತಿರುಚಿಕೊಳ್ಳುತ್ತದೆ. ಮೂಲ ತಯಾರಕನು ಕಾರಿನ ಪ್ರತಿಯೊಂದು ಅಂಗವನ್ನೂ ಹಳೆಯ ಎಂಜಿನ್ನಿನ ಶಕ್ತಿಗೆ ತಕ್ಕಂತೆ ತೂಗಿ ಇಟ್ಟಿರುತ್ತಾನೆ. ಒಂದನ್ನು ಮುಟ್ಟಿದವನು ಎಲ್ಲವನ್ನೂ ಮುಟ್ಟಬೇಕಾಗುತ್ತದೆ.

ಬ್ರೇಕಿನ ಲೆಕ್ಕ ಇನ್ನೂ ನಿಷ್ಠುರ. ನೇರ ಹಾದಿಯ ಕೊನೆಯಲ್ಲಿ 140 ಕಿಲೋಮೀಟರ್ ವೇಗ ಮುಟ್ಟುತ್ತಿದ್ದ ಕಾರು ಹೊಸ ಎಂಜಿನ್ನಿನಿಂದ 180 ಮುಟ್ಟಿತೆನ್ನೋಣ. ಚಲನಶಕ್ತಿ ವೇಗದ ವರ್ಗಕ್ಕೆ ಅನುಸಾರವಾಗಿ ಏರುವುದರಿಂದ, ತೂಕ ಹೆಚ್ಚದಿದ್ದರೂ, ಬ್ರೇಕುಗಳು ಪ್ರತಿ ಸುತ್ತಿನಲ್ಲೂ ನುಂಗಬೇಕಾದ ಶಾಖ ಸುಮಾರು 65 ಶೇಕಡಾ ಹೆಚ್ಚಾಗುತ್ತದೆ. ರಸ್ತೆಯಲ್ಲಿ ಒಂದು ಸಲ ಜೋರಾಗಿ ನಿಲ್ಲಿಸಿದರೆ ಮುಗಿಯಿತು. ಟ್ರ್ಯಾಕಿನಲ್ಲಿ ಅದು ಪ್ರತಿ ತಿರುವಿಗೂ ಬರುವ ಪರೀಕ್ಷೆ. ಬ್ರೇಕಿನ ಎಣ್ಣೆ ಕುದಿದರೆ ಪೆಡಲ್ ಮೆತ್ತಗಾಗಿ ತಳ ಸೇರುತ್ತದೆ, ಎದುರಿಗೆ ತಿರುವು ಇರುತ್ತದೆ. ಎಂಜಿನ್ನಿಗೆ ಕೂಡಿಟ್ಟ ಹಣವೆಲ್ಲ ಮುಗಿದ ಮೇಲೆ ಬ್ರೇಕಿನ ಬಗ್ಗೆ ಯೋಚಿಸುವವನ ಕಾರಿನಲ್ಲಿ ಯಾರೂ ಕೂರಬಾರದು.

ಭಾರತದ ರೇಸ್ ಚರಿತ್ರೆ ಈ ಕಸಿಯನ್ನು ತಲೆಕೆಳಗು ಮಾಡಿ ನಡೆಸಿತು ಎಂಬುದು ಗಮನಾರ್ಹ. ಎರಡನೆಯ ಮಹಾಯುದ್ಧದ ಕಾಲದ ಷೋಲಾವರಂ ವಿಮಾನಪಟ್ಟಿಯ ಮೇಲೆ ಮದರಾಸಿನ ಕ್ಲಬ್ಬು ಪಂದ್ಯ ನಡೆಸುತ್ತಿದ್ದ ದಿನಗಳಲ್ಲಿ ಇಲ್ಲಿ ದೊಡ್ಡ ಎಂಜಿನ್ ಎಂಬುದೇ ದುರ್ಲಭವಾಗಿತ್ತು. ಕೊಯಮತ್ತೂರಿನ ಎಸ್. ಕರಿವರ್ಧನ್ ಸಂಸಾರಸ್ಥರ ಮಾರುತಿ 800ರ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನನ್ನೇ ಎತ್ತಿಕೊಂಡು, ಒಬ್ಬನೇ ಕೂರುವ ತೆರೆದ ಚಕ್ರಗಳ ಹಗುರ ಕಾರಿನಲ್ಲಿ ಚಾಲಕನ ಬೆನ್ನ ಹಿಂದೆ ಇಟ್ಟರು. ಹೃದಯ ಹಳೆಯದೇ, ಮೈ ಮಾತ್ರ ಹೊಸದು. 2005ರಲ್ಲಿ ಜೋರ್ಡಾನ್ ತಂಡದಿಂದ ಫಾರ್ಮುಲಾ ಒನ್‌ಗೆ ಇಳಿದ ನಾರಾಯಣ್ ಕಾರ್ತಿಕೇಯನ್ ತಮ್ಮ ಓಟವನ್ನು ಮೊದಲು ಮಾಡಿದ್ದು ಈ ಫಾರ್ಮುಲಾ ಮಾರುತಿಯಲ್ಲಿ. ಬೆಂಗಳೂರಿನ ಸಿಪಾನಿ ಸಂಸ್ಥೆ 1980ರ ದಶಕದಲ್ಲಿ ತಯಾರಿಸಿದ ಡಾಲ್ಫಿನ್ ಕೂಡ ಇದೇ ಪಾಠ ಹೇಳುತ್ತದೆ: ಅಲ್ಯೂಮಿನಿಯಂನ 848 ಸಿಸಿ ಎಂಜಿನ್, ಫೈಬರ್ ಗಾಜಿನ ಮೈ. ಮಾರುಕಟ್ಟೆಯಲ್ಲಿ ಸೋತ ಆ ಕಾರನ್ನು ರ‍್ಯಾಲಿಯವರು ಅದರ ಹಗುರತನಕ್ಕಾಗಿ ಹುಡುಕಿಕೊಂಡು ಹೋದರು. ಕೋಬ್ರಾದ ಅಬ್ಬರಕ್ಕಿಂತ ಈ ಬಡತನದ ಜಾಣತನವೇ ಹೆಚ್ಚು ಮೆಚ್ಚತಕ್ಕದ್ದು ಎನ್ನಿಸಿದರೆ ಅದು ಕೇವಲ ಅಭಿಮಾನವಲ್ಲ. ತೂಕ ಇಳಿಸಿದ ಕಾರು ವೇಗ ಹಿಡಿಯುವುದರಲ್ಲಿಯೂ ನಿಲ್ಲುವುದರಲ್ಲಿಯೂ ತಿರುಗುವುದರಲ್ಲಿಯೂ ಗೆಲ್ಲುತ್ತದೆ, ಶಕ್ತಿ ಹೆಚ್ಚಿಸಿದ ಕಾರು ವೇಗ ಹಿಡಿಯುವುದರಲ್ಲಿ ಮಾತ್ರ. ಕರಿವರ್ಧನ್ 1995ರಲ್ಲಿ ತೀರಿಕೊಂಡರು. ಕೊಯಮತ್ತೂರಿನ ಬಳಿಯ ಚೆಟ್ಟಿಪಾಳಯಂನಲ್ಲಿರುವ ಟ್ರ್ಯಾಕಿಗೆ ಅವರ ಹೆಸರಿದೆ.

ಮೀನಂಗಡಿಯ ಕಡೆಯವರಿಗೆ ಬತ್ತೇರಿ, ಗೂಡಲೂರು, ಊಟಿಯ ದಾರಿಯಾಗಿ ಹೋದರೆ ಅದೊಂದು ಹತ್ತಿರದ ಟ್ರ್ಯಾಕು. ಆದರೆ ಎಂಜಿನ್ ಬದಲಿಸಿದ ಕಾರು ಆ ದಾರಿಯನ್ನು ತನ್ನ ಚಕ್ರಗಳ ಮೇಲೆ ಕ್ರಮಿಸುವಂತಿಲ್ಲ. ಕೇರಳದಿಂದಲೇ ಮೇಲೇರಿದ ಪ್ರಕರಣವೊಂದರಲ್ಲಿ, ತಯಾರಕರು ಕೊಟ್ಟ ಮೂಲ ವಿವರಣೆಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ನೋಂದಣಿ ಪತ್ರದಲ್ಲಿ ಚಾಸಿ ಸಂಖ್ಯೆಯ ಜೊತೆಗೆ ಎಂಜಿನ್ ಸಂಖ್ಯೆಯೂ ಇರುತ್ತದೆ. ಕಾನೂನಿನ ಕಣ್ಣಿನಲ್ಲಿ ಮೈಯೂ ಹೃದಯವೂ ಸೇರಿಯೇ ಒಂದು ವ್ಯಕ್ತಿ. ಕಸಿಯಾದ ಕಾರು ಲಾರಿಯ ಬೆನ್ನೇರಿ ಟ್ರ್ಯಾಕಿಗೆ ಹೋಗುತ್ತದೆ, ಲಾರಿಯ ಬೆನ್ನೇರಿಯೇ ಮರಳುತ್ತದೆ.

ಶೆಲ್ಬಿಯ ಕಾರುಗಳು 1965ರಲ್ಲಿ ಫೆರಾರಿಯನ್ನು ಹಿಂದಿಕ್ಕಿ ಜಿಟಿ ವರ್ಗದ ವಿಶ್ವ ಪ್ರಶಸ್ತಿ ಪಡೆದವು. ಆತನ ಸ್ವಂತ ಎದೆ ಮಾತ್ರ ಕ್ಷೀಣಿಸುತ್ತಲೇ ಹೋಗಿ 1990ರಲ್ಲಿ ಹೃದಯ ಕಸಿಯಾಯಿತು; 1996ರಲ್ಲಿ ಮಗ ಮೂತ್ರಪಿಂಡ ಕೊಟ್ಟ. ಅಂಥ ಕಸಿಯಲ್ಲಿ ದೇಹವು ಹೊಸ ಅಂಗವನ್ನು ಪರಕೀಯವೆಂದು ತಳ್ಳದಂತೆ ಜೀವನಪೂರ್ತಿ ಔಷಧಿ ಬೇಕು, ಮೇಲಿಂದ ಮೇಲೆ ರಕ್ತ ಪರೀಕ್ಷೆ ಬೇಕು. ಆತ 2012ರವರೆಗೆ, 89 ವರ್ಷ ಬದುಕಿದ.

ಕಾರಿನ ರಕ್ತ ಪರೀಕ್ಷೆ ನಡೆಯುವುದು ಎಣ್ಣೆಯಲ್ಲಿ. ತಿರುವಿನಲ್ಲಿ ಪಕ್ಕಕ್ಕೆಳೆಯುವ ಬಲ ಗುರುತ್ವದಷ್ಟೇ ಆದಾಗ ತಳಪಾತ್ರೆಯ ಎಣ್ಣೆಯ ಮೇಲ್ಮೈ 45 ಡಿಗ್ರಿ ವಾಲುತ್ತದೆ. ಹೀರುವ ಕೊಳವೆಯ ಬಾಯಿ ಬರಿದಾಗಿ ಗಾಳಿ ಕುಡಿಯುತ್ತದೆ, ಎಣ್ಣೆಯಿಲ್ಲದ ಬೇರಿಂಗು ಕೆಲವೇ ಕ್ಷಣಗಳಲ್ಲಿ ಸವೆಯತೊಡಗುತ್ತದೆ. ರಸ್ತೆಗೆಂದು ಮಾಡಿದ ಎಂಜಿನ್ನಿಗೆ ಈ ಸಂಕಟವನ್ನು ಯಾರೂ ಊಹಿಸಿರುವುದಿಲ್ಲ. ಆದ್ದರಿಂದಲೇ ತಿಳಿದ ಮೆಕ್ಯಾನಿಕ್ ಮೊದಲ ಓಟ ಮುಗಿದೊಡನೆ ಗಡಿಯಾರದ ಕಡೆ ನೋಡುವುದಿಲ್ಲ. ಎಣ್ಣೆ ಇಳಿಸಿ, ಫಿಲ್ಟರಿನ ಡಬ್ಬಿಯನ್ನು ಕೊಯ್ದು, ಒಳಗಿನ ಕಾಗದದ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ಬಿಸಿಲಿಗೆ ಹಿಡಿಯುತ್ತಾನೆ, ಲೋಹದ ಪುಡಿ ಎಲ್ಲಿಯಾದರೂ ಮಿನುಗುತ್ತದೆಯೇ ಎಂದು.