ಕೇಳದೆ ಕೊಟ್ಟ ತೀರ್ಪು



2009ರ ಆಗಸ್ಟ್ 5ರಂದು ನಾನು ಮನಿಲಾ ನಗರದ ರಸ್ತೆಯೊಂದರ ಬದಿಯಲ್ಲಿ ಕೊಡೆ ಹಿಡಿದು ನಿಂತಿದ್ದೆ. ಪಾಲನಾ ಸೇವೆಯ ಅಧ್ಯಯನಕ್ಕಾಗಿ ಕೆಲವು ತಿಂಗಳು ಆ ನಾಡಿನಲ್ಲಿದ್ದೆನಷ್ಟೆ. ಅಲ್ಲಿನ ಭಾಷೆ ನನಗೆ ಬಾರದು. ಫಿಲಿಪ್ಪೀನ್ಸಿನ ಮಾಜಿ ಅಧ್ಯಕ್ಷೆ ಕೊರಜೋನ್ ಅಕಿನೊ ಅವರ ಅಂತಿಮಯಾತ್ರೆ ಅಂದು ಸಾಗಿತ್ತು. ಮಳೆ ಬಂದರೂ ಜನ ಕದಲಲಿಲ್ಲ. ಎಲ್ಲೆಲ್ಲೂ ಹಳದಿ ಪಟ್ಟಿ, ಹಳದಿ ಅಂಗಿ. ಪಕ್ಕದಲ್ಲಿ ನಿಂತಿದ್ದ ವೃದ್ಧೆಯೊಬ್ಬರು ಜಪಸರ ಹೇಳುತ್ತಿದ್ದರು. ನಾನು ಗುರುವೆಂದು ತಿಳಿದಾಗ ಇಂಗ್ಲಿಷಿನಲ್ಲಿ ಒಂದೆರಡು ಮಾತನಾಡಿದರು. ಅವರ ತಮ್ಮನನ್ನು 1974ರಲ್ಲಿ ಸೈನಿಕರು, ಏನೋ ಸ್ವಲ್ಪ ಕೇಳುವುದಿದೆ ಎಂದು ಹೇಳಿ ಕರೆದೊಯ್ದರಂತೆ. "ಆಮೇಲೆ?" ಎಂದೆ. ಆಕೆ ಜಪಸರದ ಮುಂದಿನ ಮಣಿಗೆ ಬೆರಳು ಸರಿಸಿದರು, ಉತ್ತರಿಸಲಿಲ್ಲ.

ಆ ಮೌನದ ಹಿಂದಿದ್ದ ಕಾಲವನ್ನು ನಿಮಗೆ ತುಸು ಪರಿಚಯಿಸಬೇಕು. ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸರ ಎರಡನೆಯ ಅವಧಿ 1973ರ ಕೊನೆಗೆ ಮುಗಿಯಬೇಕಿತ್ತು. ಮೂರನೆಯದಕ್ಕೆ ಸಂವಿಧಾನದಲ್ಲಿ ಅವಕಾಶವಿರಲಿಲ್ಲ. ದೇಶದಲ್ಲಿ ಕಮ್ಯುನಿಸ್ಟ್ ಬಂಡುಕೋರರಿದ್ದರು, ದಕ್ಷಿಣದಲ್ಲಿ ಅಶಾಂತಿಯಿತ್ತು, ಮನಿಲಾದಲ್ಲಿ ಬಾಂಬುಗಳು ಸಿಡಿದಿದ್ದವು. ಇವು ಯಾವುವೂ ಕಟ್ಟುಕಥೆಯಲ್ಲ. 1972ರ ಸೆಪ್ಟೆಂಬರ್ 22ರ ರಾತ್ರಿ ರಕ್ಷಣಾ ಕಾರ್ಯದರ್ಶಿ ಎನ್ರಿಲೆಯವರ ಕಾರಿನ ಮೇಲೆ ಗುಂಡಿನ ಮಳೆಗರೆಯಲಾಯಿತೆಂಬ ಸುದ್ದಿ ಬಂತು. ಮರುದಿನ ಸೇನಾಡಳಿತ ಜಾರಿಯಾದುದನ್ನು ಮಾರ್ಕೋಸರು ದೂರದರ್ಶನದಲ್ಲಿ ಸಾರಿದರು. ಆದರೆ ಆ ಘೋಷಣಾಪತ್ರದ ಮೇಲಿದ್ದ ತಾರೀಖು 21! ಕಾರಿನ ಮೇಲಿನ ದಾಳಿ ನಾಟಕವೆಂದು 1986ರಲ್ಲಿ ಎನ್ರಿಲೆಯವರೇ ಒಪ್ಪಿಕೊಂಡರು. ಹಲವು ವರ್ಷಗಳ ಬಳಿಕ ಆ ಒಪ್ಪಿಗೆಯನ್ನೂ ಅಲ್ಲಗಳೆದರು.

1935ರ ಸಂವಿಧಾನದಲ್ಲಿ ಆಕ್ರಮಣ, ದಂಗೆ, ಬಂಡಾಯಗಳ ಸಂದರ್ಭದಲ್ಲಿ ಸೇನಾಡಳಿತ ಹೇರುವ ಅಧಿಕಾರ ಅಧ್ಯಕ್ಷರಿಗಿತ್ತು. ಎಷ್ಟು ದಿನ ಎಂಬ ಮಾತು ಮಾತ್ರ ಅದರಲ್ಲಿರಲಿಲ್ಲ. ಆ ಒಂದು ಮಾತಿನ ಕೊರತೆಗೆ ಆ ಜನ ತೆತ್ತ ಬೆಲೆ ಎಂಟು ವರ್ಷಕ್ಕೂ ಮಿಕ್ಕಿದ ಕಾಲ. ಪತ್ರಿಕೆಗಳು ಮುಚ್ಚಿದವು, ಸಂಸತ್ತಿಗೆ ಬೀಗ ಬಿತ್ತು, ವಿರೋಧ ಪಕ್ಷದವರು ಸೆರೆಮನೆ ಸೇರಿದರು.

ಮೊದಲ ದಿನವೇ ಸೆರೆ ಸಿಕ್ಕವರಲ್ಲಿ ಸೆನೆಟರ್ ಬೆನಿಗ್ನೊ ಅಕಿನೊ ಒಬ್ಬರು. ನಾನು ಕಂಡ ಶವಯಾತ್ರೆ ಇವರ ಪತ್ನಿಯದು. 1973ರ ಮಾರ್ಚಿನಲ್ಲಿ ಇವರನ್ನೂ ಮತ್ತೊಬ್ಬ ಸೆನೆಟರ್ ಹೋಸೆ ದಿಯೊಕ್ನೊ ಅವರನ್ನೂ ಲೌರ್ ಎಂಬಲ್ಲಿದ್ದ ಸೈನಿಕ ಶಿಬಿರಕ್ಕೆ ಒಯ್ದು ಒಂದು ತಿಂಗಳು ಏಕಾಂತದಲ್ಲಿಟ್ಟರು. ಅಕಿನೊ ಆ ದಿನಗಳನ್ನು ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ ವರ್ಣಿಸಿದ್ದಾರೆ. ಬಟ್ಟೆ ಬಿಚ್ಚಿಸಿದರು; ಕನ್ನಡಕವನ್ನೂ ಮದುವೆಯ ಉಂಗುರವನ್ನೂ ಕಿತ್ತುಕೊಂಡರು. ಅನ್ನದಲ್ಲಿ ವಿಷವಿರಬಹುದೆಂಬ ಭಯ ಕಾಡುತ್ತಿತ್ತು. ದೇವರು ನ್ಯಾಯವಂತನಾಗಿದ್ದರೆ ಇದೇಕೆ ಎಂಬ ಪ್ರಶ್ನೆಯಿಂದ ಹೊರಟ ಆ ಪತ್ರ ಯೇಸುವಿನ ಶಿಲುಬೆಯ ಮುಂದೆ ಬಂದು ನಿಲ್ಲುತ್ತದೆ. ಗುರುಮಠದಲ್ಲಿ ನಾನು ಓದಿದ ಎಷ್ಟೋ ದೈವಶಾಸ್ತ್ರಕ್ಕಿಂತ ಆ ಕೆಲವು ಪುಟಗಳು ನನ್ನನ್ನು ಹೆಚ್ಚು ಅಲುಗಿಸಿದವು.

ಅದೇ ಆಗಸ್ಟಿನಲ್ಲಿ ಅವರನ್ನು ಎರಡನೆಯ ಸೈನಿಕ ಆಯೋಗದ ಮುಂದೆ ನಿಲ್ಲಿಸಲಾಯಿತು. ಕೊಲೆ, ಅಕ್ರಮ ಶಸ್ತ್ರ, ರಾಜ್ಯವಿರೋಧಿ ಸಂಚು ಎಂಬ ಆರೋಪಗಳು. ನ್ಯಾಯಪೀಠದಲ್ಲಿ ಕುಳಿತವರು ಸೇನಾಧಿಕಾರಿಗಳು. ಅವರ ಮೇಲೆ ದಂಡನಾಯಕ, ದಂಡನಾಯಕನ ಮೇಲೆ ಅಧ್ಯಕ್ಷ. ತೀರ್ಪು ಕೊನೆಗೆ ಹೋಗಬೇಕಾದದ್ದು ಅದೇ ಅಧ್ಯಕ್ಷರ ಮೇಜಿಗೆ. ಆ ಅಧ್ಯಕ್ಷರು ವಿಚಾರಣೆಗೆ ಮುನ್ನವೇ ಬಂಧಿತನನ್ನು ಬಹಿರಂಗವಾಗಿ ದೋಷಿ ಎಂದಿದ್ದರು. ನನ್ನ ಮೇಲೆ ಆರೋಪ ಹೊರಿಸಿದವರೇ ನನ್ನ ನ್ಯಾಯಾಧೀಶರು, ಇದರಲ್ಲಿ ನಾನು ಪಾಲುಗೊಳ್ಳಲಾರೆ ಎಂದು ಅಕಿನೊ ಹೇಳಿಬಿಟ್ಟರು. ಆ ದೇಶದ ಸಾಮಾನ್ಯ ನ್ಯಾಯಾಲಯಗಳೇನೂ ಮುಚ್ಚಿರಲಿಲ್ಲ ಎಂಬುದನ್ನು ನೀವು ಗಮನಿಸಬೇಕು. 1975ರಲ್ಲಿ ಅವರು ನಲವತ್ತು ದಿನ ಉಪವಾಸ ಮಾಡಿದರು. 54 ಕಿಲೋ ಇದ್ದ ದೇಹ 36ಕ್ಕೆ ಇಳಿಯಿತು. ಉಪವಾಸ ನಡೆದಿರುವಾಗಲೇ ಸೈನಿಕ ಆಯೋಗಕ್ಕೆ ನಾಗರಿಕನನ್ನು ವಿಚಾರಿಸುವ ಅಧಿಕಾರವಿದೆಯೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 1977ರ ನವೆಂಬರ್ 25ರಂದು ಗುಂಡಿಕ್ಕಿ ಕೊಲ್ಲುವ ಶಿಕ್ಷೆ ವಿಧಿಸಲಾಯಿತು. ಅದು ಜಾರಿಯಾಗಲಿಲ್ಲ; ಹೃದ್ರೋಗದ ಚಿಕಿತ್ಸೆಗೆಂದು 1980ರಲ್ಲಿ ಅಮೆರಿಕಕ್ಕೆ ಹೋಗಲು ಬಿಟ್ಟರು. 1983ರ ಆಗಸ್ಟ್ 21ರಂದು ಮರಳಿ ಬಂದ ಅವರು ವಿಮಾನದಿಂದ ಇಳಿಯುತ್ತಿದ್ದಂತೆ ಗುಂಡಿಗೆ ಬಲಿಯಾದರು.

ಮನಿಲಾದ ಗ್ರಂಥಾಲಯದಲ್ಲಿ ಕುಳಿತು ಇದನ್ನೆಲ್ಲ ಓದುವಾಗ ನನಗೆ ನೆನಪಾದದ್ದು ಮಾರ್ಕೋಸರಲ್ಲ, ಒಬ್ಬ ಹುಡುಗ. ನಾಚಿಕೆಯಿಂದಲೇ ಹೇಳುತ್ತೇನೆ.

1999ರಲ್ಲಿ ನಾನು ಹೊಸದಾಗಿ ಗುರುಪಟ್ಟ ಪಡೆದವನು. ಒಂದು ಬಾಲಕರ ವಿದ್ಯಾರ್ಥಿನಿಲಯದ ಹೊಣೆ ನನ್ನದಾಗಿತ್ತು. ಜನವರಿಯ ಕೊನೆಯಲ್ಲಿ ಧರ್ಮಕೇಂದ್ರದ ಹಬ್ಬ. ಮುನ್ನಾದಿನ ಕಾಣಿಕೆಯ 2,300 ರೂಪಾಯಿಯ ಲಕೋಟೆ ಕಾಣೆಯಾಯಿತು. ಸಂಜೆ ಧರ್ಮಾಧ್ಯಕ್ಷರು ಬರುವವರಿದ್ದರು, ಚಪ್ಪರ ಅರ್ಧವಾಗಿತ್ತು, ನನ್ನ ತಲೆ ಕಾದಿತ್ತು. ಪೂಜಾವಸ್ತ್ರಗಳ ಕೋಣೆಯನ್ನು ಅಂದು ಗುಡಿಸಿದವನು ಎಂಟನೆಯ ತರಗತಿಯ ಹುಡುಗನೊಬ್ಬ. ಇಬ್ಬರು ಅವನ ಹೆಸರು ಹೇಳಿದರು. ಎಲ್ಲರೆದುರು ಜಗಲಿಗೆ ಕರೆದು ಪೆಟ್ಟಿಗೆ ಕಟ್ಟಿಕೊಳ್ಳಲು ಹೇಳಿದೆ. "ಫಾದರ್, ನಾನು..." ಎಂದು ಅವನು ಬಾಯಿ ತೆರೆದ. "ಸಾಕು" ಎಂದೆ. ಐದು ಗಂಟೆಯ ಬಸ್ಸು ಹತ್ತಿಸಿದ್ದೂ ಆಯಿತು.

ಬೂದಿ ಬುಧವಾರದಂದು ನೇರಳೆ ಬಣ್ಣದ ಪೂಜಾವಸ್ತ್ರವನ್ನು ಹೊರತೆಗೆದಾಗ ಅದರ ಮಡಿಕೆಯೊಳಗಿಂದ ಲಕೋಟೆ ಜಾರಿ ಬಿತ್ತು. ಅಲ್ಲಿ ಇಟ್ಟವನು ನಾನೇ, ಭದ್ರವಾಗಿರಲೆಂದು. ಅಂದು ಜನರ ಹಣೆಗೆ ಬೂದಿ ಹಚ್ಚುವಾಗ ನನ್ನ ಕೈ ನಡುಗುತ್ತಿದ್ದುದನ್ನು ಯಾರಾದರೂ ಕಂಡಿದ್ದರೋ ಇಲ್ಲವೋ ತಿಳಿಯದು.

ನೀವು ಹೇಳಬಹುದು: ಒಂದು ದೇಶದ ಸಂಕಟಕ್ಕೂ ಒಂದು ಬೋರ್ಡಿಂಗಿನ ಗಡಿಬಿಡಿಗೂ ಹೋಲಿಕೆಯೆಲ್ಲಿ? ಪ್ರಮಾಣದಲ್ಲಿ ಇಲ್ಲವೇ ಇಲ್ಲ. ಆದರೆ ನನಗೂ ಅಂದು ತುರ್ತಿತ್ತು. ದೂರುದಾರನೂ ನ್ಯಾಯಾಧೀಶನೂ ನಾನೇ ಆಗಿದ್ದೆ. ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಮುಖ್ಯವಾಗಿ, ನಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ಮನಸಾರೆ ನಂಬಿದ್ದೆ. ಯೊವಾನ್ನರ ಶುಭಸಂದೇಶದಲ್ಲಿ ನಿಕೊದೇಮನು ತನ್ನ ಸಹ ಅಧಿಕಾರಿಗಳ ಮುಂದೆ ಎತ್ತುವುದು ಇದೇ ಆಕ್ಷೇಪವನ್ನು: ಮನುಷ್ಯನ ಮಾತನ್ನು ಕೇಳದೆ ತೀರ್ಪು ಕೊಡಲು ನಮ್ಮ ಧರ್ಮಶಾಸ್ತ್ರ ಒಪ್ಪುತ್ತದೆಯೇ ಎಂದು. ಆ ಭಾಗವನ್ನು ಕುರಿತು ನಾನು ಎಷ್ಟೋ ಸಲ ಪ್ರಬೋಧನೆ ಮಾಡಿದ್ದೆ.

ಅಲ್ಲಿನ ಧರ್ಮಸಭೆಯೂ ಮೊದಲಿನಿಂದ ಧೀರವಾಗಿತ್ತೆಂದರೆ ತಪ್ಪಾದೀತು. ಆರಂಭದಲ್ಲಿ ಅನೇಕ ಧರ್ಮಾಧ್ಯಕ್ಷರು ಮೌನವಾಗಿದ್ದರು. ಮನಿಲಾದ ಕಾರ್ಡಿನಲ್ ಸಿನ್ ಅವರ ನೀತಿಯೂ ಬಹುಕಾಲ ವಿಮರ್ಶಾತ್ಮಕ ಸಹಕಾರದ್ದೇ. ಧಾರ್ಮಿಕ ಸಭೆಗಳ ಶ್ರೇಷ್ಠರ ಒಕ್ಕೂಟ 1974ರಲ್ಲಿ ಬಂಧಿತರ ನೆರವಿಗಾಗಿ ಒಂದು ಕಾರ್ಯಪಡೆಯನ್ನು ರಚಿಸಿತು. ಧರ್ಮಭಗಿನಿಯರು ಸೆರೆಮನೆಯಿಂದ ಸೆರೆಮನೆಗೆ ಅಲೆದು ಹೆಸರುಗಳನ್ನು ಬರೆದುಕೊಂಡರು. ಹೆಸರು ಬರೆದುಕೊಳ್ಳುವುದು ಸಣ್ಣ ಕೆಲಸವಲ್ಲ; ಗುಟ್ಟಾಗಿ ಒಯ್ಯಲ್ಪಟ್ಟವನಿಗೆ ಅದೇ ಜೀವದಾನವಾದೀತು. 1981ರ ಫೆಬ್ರವರಿಯಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ಮಾರ್ಕೋಸರ ಅರಮನೆಯಲ್ಲೇ ನಿಂತು, ಅಸಾಧಾರಣ ಸನ್ನಿವೇಶದಲ್ಲೂ ಮಾನವ ಘನತೆಯ ಉಲ್ಲಂಘನೆಗೆ ಸಮರ್ಥನೆಯಿಲ್ಲವೆಂದು ಹೇಳಿದರು. ಅದಕ್ಕೆ ಒಂದು ತಿಂಗಳ ಮುಂಚೆಯಷ್ಟೇ, ಜನವರಿ 17ರಂದು, ಸೇನಾಡಳಿತ ಹೆಸರಿಗೆ ಮುಗಿದಿತ್ತು.

1986ರ ಫೆಬ್ರವರಿಯಲ್ಲಿ ಜನ ಜಪಸರ ಹಿಡಿದು ಟ್ಯಾಂಕುಗಳೆದುರು ನಿಂತದ್ದನ್ನು ನೀವು ಕೇಳಿರುತ್ತೀರಿ. ನನಗೆ ಅದಕ್ಕಿಂತ ಕುತೂಹಲದ್ದು ಮರುವರ್ಷ ಅವರು ಅಂಗೀಕರಿಸಿದ ಸಂವಿಧಾನ. ಸೇನಾಡಳಿತವನ್ನು ಅದು ನಿಷೇಧಿಸಲಿಲ್ಲ, ಬೇಲಿ ಹಾಕಿತು. ಅರವತ್ತು ದಿನಕ್ಕಿಂತ ಹೆಚ್ಚಿಲ್ಲ. ನಲವತ್ತೆಂಟು ಗಂಟೆಯೊಳಗೆ ಸಂಸತ್ತಿಗೆ ವರದಿ. ಬೇಡವೆಂದು ಅದು ಬಹುಮತದಿಂದ ರದ್ದುಪಡಿಸಿದರೆ ಅಧ್ಯಕ್ಷರು ಮೀರುವಂತಿಲ್ಲ. ಯಾವ ಸಾಮಾನ್ಯ ಪ್ರಜೆಯೂ ಸುಪ್ರೀಂ ಕೋರ್ಟಿಗೆ ಹೋಗಬಹುದು, ಮೂವತ್ತು ದಿನದೊಳಗೆ ತೀರ್ಪು ಬರಬೇಕು. ಬಂಡಾಯದ ಹೆಸರಿನಲ್ಲಿ ಬಂಧಿತನ ಮೇಲೆ ಮೂರು ದಿನದೊಳಗೆ ಆರೋಪ ಹೊರಿಸಬೇಕು, ಇಲ್ಲವೇ ಬಿಟ್ಟುಬಿಡಬೇಕು. ಸಾಮಾನ್ಯ ನ್ಯಾಯಾಲಯಗಳು ನಡೆಯುತ್ತಿರುವಲ್ಲಿ ನಾಗರಿಕರನ್ನು ಸೈನಿಕ ನ್ಯಾಯಾಲಯಕ್ಕೆ ಒಯ್ಯುವಂತಿಲ್ಲ. ಅದೇ 1987ರ ಮೇ 22ರಂದು ಸುಪ್ರೀಂ ಕೋರ್ಟ್ ತನ್ನ ಹಳೆಯ ತೀರ್ಪನ್ನು ತಾನೇ ತಳ್ಳಿಹಾಕಿತು. ಸೈನಿಕ ಆಯೋಗದಿಂದ ಮರಣದಂಡನೆಗೆ ಗುರಿಯಾಗಿದ್ದ ಓಲಾಗರ್ ಮತ್ತಿತರರ ಮೊಕದ್ದಮೆ ಅದು. 1975ರಲ್ಲಿ ಭಿನ್ನಮತ ಬರೆದಿದ್ದ ತೀಹಾಂಕೀ ಅಷ್ಟರಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದರು.

ಬೇಲಿ ಹಾಕಿದ್ದರಿಂದ ಎಲ್ಲವೂ ಸರಿಹೋಯಿತೆಂದು ಮಾತ್ರ ತಿಳಿಯಬೇಡಿ. 2017ರ ಮೇ 23ರಂದು ಉಗ್ರರು ಮರಾವಿ ನಗರವನ್ನು ಹಿಡಿದಾಗ ಅಲ್ಲಿನ ಫಾದರ್ ಸೊಗಾನುಬ್ ಒತ್ತೆಯಾಳಾಗಿ ಸುಮಾರು ನಾಲ್ಕು ತಿಂಗಳು ಕಳೆದರು. ಆ ಗುರುವಿಗೆ ಸೈನ್ಯ ಬೇಕಿರಲಿಲ್ಲವೆಂದು ಯಾರು ಹೇಳಿಯಾರು? ಆದರೆ ಅಕ್ಟೋಬರಿನಲ್ಲಿ ಕಾಳಗ ಮುಗಿದರೂ ಮಿಂದನಾವೊ ದ್ವೀಪದ ಸೇನಾಡಳಿತ ಮೂರು ಸಲ ವಿಸ್ತರಣೆಗೊಂಡು 2019ರ ಡಿಸೆಂಬರ್ 31ರವರೆಗೆ ಉಳಿಯಿತು. ಅರವತ್ತು ದಿನ ಎರಡೂವರೆ ವರ್ಷವಾಯಿತು! ಆದರೂ ಪ್ರತಿ ವಿಸ್ತರಣೆಗೂ ಸಂಸತ್ತಿನ ಮುಂದೆ ಬಂದು ಕೇಳಬೇಕಾಯಿತು. ಮಾರ್ಕೋಸರು ಯಾರನ್ನೂ ಕೇಳಿರಲಿಲ್ಲ.

ನಮ್ಮಲ್ಲಿ 1975ರಲ್ಲಿ ಬಂದದ್ದು ಸೇನಾಡಳಿತವಲ್ಲ, ತುರ್ತುಪರಿಸ್ಥಿತಿ; ಸೈನಿಕ ನ್ಯಾಯಾಲಯಗಳಿರಲಿಲ್ಲ. ಆದರೂ ವಿಚಾರಣೆಯಿಲ್ಲದ ಬಂಧನವನ್ನು ಪ್ರಶ್ನಿಸುವ ಹಕ್ಕೇ ಇಲ್ಲವೆಂದು 1976ರ ಏಪ್ರಿಲ್ 28ರಂದು ನಮ್ಮ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ, ಮುಖ್ಯ ನ್ಯಾಯಮೂರ್ತಿಯ ಸ್ಥಾನ ಅವರ ಕೈತಪ್ಪಿತು. 1978ರ ನಲವತ್ತನಾಲ್ಕನೆಯ ತಿದ್ದುಪಡಿಯ ಬಳಿಕ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲೂ ತಡೆಹಿಡಿಯುವಂತಿಲ್ಲ. ಆ ಹಳೆಯ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟ್ ಸಾರಿದ್ದು 2017ರಲ್ಲಿ. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು.

ಲಕೋಟೆ ಸಿಕ್ಕ ಮರುದಿನ ನಾನು ಆ ಹುಡುಗನ ಊರಿಗೆ ಹೋದೆ. ತಾಯಿ ಕಾಫಿ ಕೊಟ್ಟರು. ತಂದೆ, "ಆಗಿದ್ದು ಆಯಿತು ಸ್ವಾಮಿ" ಎಂದರು. ಹುಡುಗ ಅಷ್ಟರಲ್ಲೇ ಪಟ್ಟಣದ ಗ್ಯಾರೇಜೊಂದಕ್ಕೆ ಸೇರಿಕೊಂಡಿದ್ದ, ಶಾಲೆಗೆ ಮರಳಲಿಲ್ಲ. ಹಿಂದಿರುಗಿ ಬಂದು ಒಂದು ಹಾಳೆಯಲ್ಲಿ ಬರೆದೆ: ಯಾವ ಹುಡುಗನನ್ನೂ ಮನೆಗೆ ಕಳುಹಿಸುವ ಮುನ್ನ ಅವನ ಮಾತನ್ನು ಪೂರ್ತಿ ಕೇಳಬೇಕು, ತಂದೆತಾಯಿಯರೂ ಮೇಲ್ವಿಚಾರಕರಲ್ಲದ ಬೇರಿಬ್ಬರೂ ಹಾಜರಿರಬೇಕು, ಮೂರು ರಾತ್ರಿ ಕಳೆಯದೆ ತೀರ್ಮಾನ ಕೂಡದು. ಫಿಲಿಪ್ಪೀನ್ಸಿನ ಸಂವಿಧಾನದ ಹೆಸರನ್ನೂ ಆಗ ನಾನು ಕೇಳಿರಲಿಲ್ಲ. ನನ್ನ ನಂತರ ಬಂದ ಗುರುಗಳು ಅದನ್ನು ಕಚೇರಿಯ ಗೋಡೆಯಲ್ಲಿ ಉಳಿಸಿಕೊಂಡಿದ್ದಾರೆ.

ಕೆಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಅವನನ್ನು ಕಂಡೆ. ಜೊತೆಯಲ್ಲಿ ಹೆಂಡತಿ, ಎರಡು ಮಕ್ಕಳು. ನಾನೇ ಹತ್ತಿರ ಹೋದೆ. "ನಮಸ್ಕಾರ ಫಾದರ್" ಎಂದ, ಮಕ್ಕಳಿಗೂ ನಮಸ್ಕಾರ ಹೇಳಿಸಿದ. ಅಂದು ಜಗಲಿಯಲ್ಲಿ ನೀನು ಏನು ಹೇಳಹೊರಟಿದ್ದೆ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಊಟಕ್ಕೆ ಕರೆದರು. ಅವನು ಮಕ್ಕಳ ಕೈ ಹಿಡಿದು ಬೇರೆ ಸಾಲಿನಲ್ಲಿ ಹೋಗಿ ಕುಳಿತ.