ಗುಜರಿಗೆ ಹೋದ ಪೆಟ್ಟಿಗೆ

ನಿಮ್ಮ ಮನೆಯ ಜಗುಲಿಯ ಮೂಲೆಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಸಾಮಾನುಗಳ ಒಂದು ರಾಶಿ ಇದೆಯೇ? ವಾಹನ ಓಡಿಸುವವರ ಮನೆಯಾದರೆ ಖಂಡಿತ ಇರುತ್ತದೆ. ಗುಡಿಸುವಾಗ ಪೊರಕೆಗೆ ಸಿಕ್ಕುವ, ಮಕ್ಕಳ ಕಾಲಿಗೆ ತಾಗುವ, ನೆಂಟರು ಬರುವಾಗ ಗೋಣಿ ಹೊದಿಸಿ ಮರೆಮಾಡಬೇಕಾದ ಆ ರಾಶಿಯನ್ನು ಕಂಡು ನೀವೂ ಒಮ್ಮೆಯಾದರೂ ಗೊಣಗಿರಬಹುದು. ನಾನಂತೂ ಮದುವೆಯಾದ ಮೊದಲ ವರ್ಷದಿಂದಲೇ ಗೊಣಗಿದವಳು. ಆ ಗೊಣಗಾಟ ಎಲ್ಲಿಗೆ ಮುಟ್ಟಿತು ಎಂಬುದನ್ನು ಇಷ್ಟು ವರ್ಷಗಳ ನಂತರ ನಿಮ್ಮೊಡನೆ ಹೇಳಿಕೊಳ್ಳುತ್ತಿದ್ದೇನೆ.

ನಮ್ಮ ಮನೆ ಇರುವುದು ಕಳಸದಿಂದ ಆಚೆ. ಡಾಂಬರು ರಸ್ತೆ ಮುಗಿದ ಮೇಲೆ ಏಳು ಕಿಲೋಮೀಟರ್ ಕಾಫಿ ತೋಟಗಳ ನಡುವಿನ ಕಚ್ಚಾ ದಾರಿ. ಬೇಸಿಗೆಯಲ್ಲಿ ಧೂಳು, ಜೂನ್ ಬಂತೆಂದರೆ ಹಳ್ಳ. ನನ್ನ ಗಂಡ ಅದೇ ದಾರಿಯಲ್ಲಿ ಬಾಡಿಗೆಗೆ ಜೀಪು ಓಡಿಸುತ್ತಾರೆ. ಬೆಳಿಗ್ಗೆ ತೋಟದ ಆಳುಗಳು, ಮಧ್ಯಾಹ್ನ ಗೊಬ್ಬರದ ಚೀಲ, ಸಂಜೆ ಶಾಲೆಯ ಮಕ್ಕಳು. ನಾನು ಬೆಳಿಗ್ಗೆ ಮದ್ರಸದಲ್ಲೂ ಆಮೇಲೆ ಶಾಲೆಯಲ್ಲೂ ಪಾಠ ಹೇಳುವವಳು. ಮದ್ರಸದ ಓದು ಮುಗಿಸಿ, ಮದುವೆಯಾದ ಮೇಲೆ ಮನೆಯಲ್ಲೇ ಓದಿ ಬಿಎ ಮಾಡಿದೆ. ಓದಿದವಳು ಎಂಬ ಒಂದು ಸಣ್ಣ ಜಂಬ ನನಗೆ ಇದ್ದದ್ದು ನಿಜ. ಗ್ರೀಸು ಮೆತ್ತಿದ ಕೈ, ಡೀಸೆಲ್ ವಾಸನೆಯ ಅಂಗಿ, ಇವು ಸ್ವಲ್ಪ ಕೆಳಗಿನ ಕೆಲಸ ಎಂಬ ಭಾವನೆ ಬಾಯಲ್ಲಿ ಬರದಿದ್ದರೂ ಮನಸ್ಸಿನಲ್ಲಿತ್ತು.

ಬಿಎಯಲ್ಲಿ ನನ್ನದು ಇತಿಹಾಸ. ಈ ಜೀಪಿಗೂ ಒಂದು ಇತಿಹಾಸವಿದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. 1945ರಲ್ಲಿ ಲೂಧಿಯಾನದಲ್ಲಿ ಆರಂಭವಾದಾಗ ಮಹೀಂದ್ರಾ ಕಂಪೆನಿಯ ಹೆಸರು 'ಮಹೀಂದ್ರಾ ಆ್ಯಂಡ್ ಮೊಹಮ್ಮದ್' ಎಂದಿತ್ತು. ಪಾಲುದಾರರಾಗಿದ್ದ ಮಲಿಕ್ ಗುಲಾಮ್ ಮುಹಮ್ಮದ್ ದೇಶ ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪೆನಿಯ ಹೆಸರು ಬದಲಾಯಿತು. ಯುದ್ಧಕ್ಕಾಗಿ ತಯಾರಾದ ವಿಲ್ಲಿಸ್ ಜೀಪನ್ನು ಭಾರತದಲ್ಲಿ ಜೋಡಿಸಲು ಆರಂಭಿಸಿದ್ದು ಇದೇ ಕಂಪೆನಿ. ಇದನ್ನೆಲ್ಲ ಗಂಡನಿಗೆ ಓದಿ ಹೇಳಿದಾಗ ಅವರು ಜೀಪಿನ ಅಡಿಯಿಂದಲೇ, "ಅದಿರಲಿ, ಆ ಹದಿನೇಳರ ಸ್ಪ್ಯಾನರ್ ಇತ್ತ ಕೊಡು" ಎಂದಿದ್ದರು!

ವಿಷಯಕ್ಕೆ ಬರುತ್ತೇನೆ. ಜೀಪಿನ ಹಿಂದಿನ ಸೀಟಿನಡಿಯಲ್ಲಿ ಅವರದೊಂದು ತಗಡಿನ ಪೆಟ್ಟಿಗೆ ಇರುತ್ತಿತ್ತು. ಅದರಲ್ಲಿ ಎರಡು ಸೆಂಟರ್ ಬೋಲ್ಟ್, ಯು ಕ್ಲಾಂಪ್, ಶ್ಯಾಕಲ್ ಪಿನ್, ರಬ್ಬರ್ ಬುಶ್, ಫ್ಯಾನ್ ಬೆಲ್ಟ್, ಸೈಕಲ್ ಟ್ಯೂಬಿನ ಪಟ್ಟಿ, ಬೈಂಡಿಂಗ್ ತಂತಿ. ಜಗುಲಿಯಲ್ಲಿ ಬೇರೆ ಹಳೆಯ ಸ್ಪ್ರಿಂಗ್ ಪ್ಲೇಟುಗಳು. 2016ರ ಜೂನ್ ಕೊನೆಯಲ್ಲಿ ಒಂದು ಮದುವೆಗೆ ಹೊರಟಾಗ, ಮಕ್ಕಳ ಬ್ಯಾಗು ಇಡಲು ಜಾಗವಿಲ್ಲವೆಂದು ನಾನೇ ಆ ಪೆಟ್ಟಿಗೆಯನ್ನು ಇಳಿಸಿ ಜಗುಲಿಯಲ್ಲಿಟ್ಟೆ. ಮದುವೆ ಮುಗಿದು ಬಂದ ಮೇಲೆ ಮತ್ತೆ ಇಡಲು ಮರೆತೆ. ಅಲ್ಲ, ಮರೆತೆ ಎನ್ನುವುದು ಪೂರ್ತಿ ಸತ್ಯವಲ್ಲ. ವಾರ ಕಳೆದು ಗುಜರಿಯವನು ಬಂದಾಗ ಪ್ಲೇಟುಗಳ ಜೊತೆ ಪೆಟ್ಟಿಗೆಯನ್ನೂ ತೂಕಕ್ಕೆ ಹಾಕಿಸಿದೆ. ಕಿಲೋಗೆ 18 ರೂಪಾಯಿಯಂತೆ 11 ಕಿಲೋ. ಆತ ಚಿಲ್ಲರೆ ಇಲ್ಲವೆಂದು ಇನ್ನೂರು ರೂಪಾಯಿ ಕೊಟ್ಟ. ಎರಡು ಸ್ಟೀಲ್ ಡಬ್ಬಿ ಕೊಂಡುಕೊಂಡೆ.

ಅದಾಗಿ ಹದಿನೈದು ದಿನವಾಗಿರಬಹುದು. ಮಧ್ಯಾಹ್ನ ಅತ್ತೆ (ನಾನೂ ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದೆ) ಅಂಗಳದ ಪಾಚಿಯಲ್ಲಿ ಜಾರಿ ಬಿದ್ದರು. ಏಳಲಾಗಲಿಲ್ಲ. ಬಲಗಾಲು ಹೊರಗೆ ತಿರುಗಿಕೊಂಡಿತ್ತು. ಪಕ್ಕದ ತೋಟದ ಲೈನಿನ ಇಬ್ಬರು ಹುಡುಗರು ಓಡಿ ಬಂದರು. ಕೊಟ್ಟಿಗೆಯ ಬಾಗಿಲ ಹಲಗೆ ಕಿತ್ತು ಅದರ ಮೇಲೆ ಮಲಗಿಸಿ ಜೀಪಿಗೆ ಏರಿಸಿದೆವು. ಕುದುರೆಮುಖ, ಬಜಗೋಳಿ, ಕಾರ್ಕಳದ ಮೂಲಕ ಮಂಗಳೂರು ತಲುಪಬೇಕು.

ಮೂರು ಕಿಲೋಮೀಟರ್ ಹೋಗಿರಲಿಲ್ಲ, ಹಿಂದುಗಡೆ 'ಟಕ್' ಎಂಬ ಶಬ್ದ. ಜೀಪು ಒಂದು ಬದಿಗೆ ಎಳೆಯತೊಡಗಿತು. ಇಳಿದು ನೋಡಿದರೆ ಎಡಗಡೆಯ ಹಿಂದಿನ ಚಕ್ರ ತನ್ನ ಜಾಗ ಬಿಟ್ಟು ಹಿಂದಕ್ಕೆ ಸರಿದು ಬಾಡಿಗೆ ಉಜ್ಜುತ್ತಿತ್ತು. ಸೆಂಟರ್ ಬೋಲ್ಟ್ ತುಂಡಾಗಿತ್ತು.

ಅದೇನೆಂದು ಕೇಳುತ್ತೀರಾ? ನನಗೂ ಅಂದು ತಿಳಿದಿರಲಿಲ್ಲ. ಜೀಪಿನ ಸ್ಪ್ರಿಂಗ್ ಎಂದರೆ ಒಂದರ ಕೆಳಗೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಅವುಗಳ ನಡುವೆ ತೂತು ಕೊರೆದು ಹಾಕಿದ ಒಂದೇ ಒಂದು ಬೋಲ್ಟಿನ ತಲೆ ಆ್ಯಕ್ಸಲ್‌ನ ಕುಳಿಯಲ್ಲಿ ಕುಳಿತು ಚಕ್ರ ಹಿಂದೆ ಮುಂದೆ ಸರಿಯದಂತೆ ತಡೆಯುತ್ತದೆ. ಆದರೆ ನಿಜವಾದ ಬಿಗಿ ಅದರದ್ದಲ್ಲ, ಅಕ್ಕಪಕ್ಕದ ಯು ಕ್ಲಾಂಪುಗಳದ್ದು. ಕ್ಲಾಂಪು ಸಡಿಲವಾದರೆ ಭಾರವೆಲ್ಲ ಆ ಬಡ ಬೋಲ್ಟಿನ ಮೇಲೆ ಬೀಳುತ್ತದೆ. ಮೇ ತಿಂಗಳಲ್ಲಿ ಗೊಬ್ಬರದ ಬಾಡಿಗೆಗೆಂದು ಅವರು ಒಂದು ಪ್ಲೇಟು ಹೆಚ್ಚಿಗೆ ಹಾಕಿಸಿದ್ದರು. ಸ್ವಲ್ಪ ದಿನ ಓಡಿದ ಮೇಲೆ ಕ್ಲಾಂಪನ್ನು ಮತ್ತೆ ಬಿಗಿ ಮಾಡಬೇಕಿತ್ತು. ಮಾಡಿರಲಿಲ್ಲ. ಅವರ ಪಾಲಿನ ತಪ್ಪು ಅಷ್ಟು. ಉಳಿದದ್ದು ನನ್ನದು.

ಅವರು ಸೀಟಿನಡಿಗೆ ಕೈ ಹಾಕಿದರು. ಇನ್ನೊಮ್ಮೆ ಹಾಕಿದರು. ನನ್ನ ಮುಖ ನೋಡಿದರು. "ಪೆಟ್ಟಿಗೆ?" ನಾನು ತಲೆ ತಗ್ಗಿಸಿದೆ. ಅವರು ಏನೂ ಹೇಳಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆಗ ಅಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ಒಬ್ಬ ಹುಡುಗ ಇನ್ನೊಂದು ಜೀಪು ಸಿಗುತ್ತದೆಯೋ ಎಂದು ಡಾಂಬರು ರಸ್ತೆಯ ಕಡೆಗೆ ಓಡಿದ. ಜ್ಯಾಕ್ ಏರಿಸುವಾಗ ರೋಗಿಯನ್ನು ಒಳಗಿಡಬಾರದೆಂದು ಉಮ್ಮನನ್ನು ಹಲಗೆ ಸಮೇತ ಇಳಿಸಿ ಒಂದು ಹಲಸಿನ ಮರದ ಬುಡದಲ್ಲಿ ಟಾರ್ಪಾಲಿನ ಕೆಳಗೆ ಮಲಗಿಸಿದೆವು. ಇಳಿಸುವಾಗ ಅವರಿಂದ ಹೊರಟ ಧ್ವನಿ ಇಂದಿಗೂ ನನ್ನ ಕಿವಿಯಲ್ಲಿದೆ. ಇವರು ಮುಂದಿನ ಸೀಟಿನ ಬೋಲ್ಟ್ ಬಿಚ್ಚಿ ಹಾಕಿ ನೋಡಿದರು. ಗಿಡ್ಡವಾಯಿತು, ಅಷ್ಟೂ ಪ್ಲೇಟು ದಾಟಿ ಹೊರಬರಲಿಲ್ಲ. ಕೊನೆಗೆ ಹೊರೆ ಕಟ್ಟುವ ನೈಲಾನ್ ಹಗ್ಗವನ್ನು ಆ್ಯಕ್ಸಲಿಗೂ ಸ್ಪ್ರಿಂಗಿನ ಮುಂದಿನ ಕೊಂಡಿಗೂ ನಾಲ್ಕು ಸುತ್ತು ಸುತ್ತಿ, ನಡುವೆ ಒಂದು ಗಟ್ಟಿ ಕೋಲು ತೂರಿಸಿ ತಿರುಚತೊಡಗಿದರು. ತಿರುಚಿದಂತೆಲ್ಲ ಹಗ್ಗ ಗಿಡ್ಡವಾಗಿ ಆ್ಯಕ್ಸಲ್ ಬೆರಳಷ್ಟು ಬೆರಳಷ್ಟೇ ಮುಂದೆ ಬಂತು. ಎರಡು ಸಲ ಕೋಲು ಮುರಿಯಿತು. ನಾನು ಉಮ್ಮನಿಗೆ ಕೊಡೆ ಹಿಡಿದು ಕುಳಿತಿದ್ದೆ.

"ನನಗೆ ಹಿಡಿಯಬೇಡ. ಅವನ ಕೈಗೆ ಮಳೆ ಬೀಳದ ಹಾಗೆ ಹಿಡಿ" ಎಂದರು ಉಮ್ಮ.

ಆ್ಯಕ್ಸಲ್ ಜಾಗಕ್ಕೆ ಬಂದ ಮೇಲೆ ನಾಲ್ಕು ನಟ್ಟುಗಳನ್ನು ಅಡ್ಡಡ್ಡವಾಗಿ, ಒಂದಾದ ಮೇಲೆ ಎದುರಿನದನ್ನು, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಬಿಗಿದರು. ಹಗ್ಗ ಮತ್ತು ಕೋಲು ಹಾಗೆಯೇ ಉಳಿದವು. ನಡೆದ ಹಾಗೆ ಜೀಪು ಓಡಿಸಿ ಡಾಂಬರು ರಸ್ತೆಯ ಹತ್ತಿರ ಬರುವಾಗ, ಓಡಿಹೋಗಿದ್ದ ಹುಡುಗ ಇನ್ನೊಂದು ಜೀಪಿನಲ್ಲಿ ಎದುರಾದ. ಒಟ್ಟು ಎರಡೂಕಾಲು ಗಂಟೆ ಹೋಗಿತ್ತು. ಮಂಗಳೂರು ತಲುಪುವಾಗ ರಾತ್ರಿ. ಸೊಂಟದ ಕೀಲಿನ ಬಳಿ ಮೂಳೆ ಮುರಿದಿತ್ತು, ಮೂರನೆಯ ದಿನ ಶಸ್ತ್ರಚಿಕಿತ್ಸೆ. ಆಮೇಲೆ ವಾಕರ್ ಹಿಡಿದು ನಡೆದರು, ಮೂರು ವರ್ಷ ನಮ್ಮೊಡನೆ ಇದ್ದರು. ಪೆಟ್ಟಿಗೆಯ ಬಗ್ಗೆ ಒಮ್ಮೆಯೂ ಕೇಳಲಿಲ್ಲ.

"ಬೋಲ್ಟ್ ಇದ್ದಿದ್ದರೂ ಅಷ್ಟೇ ಹೊತ್ತಾಗುತ್ತಿತ್ತು" ಎಂದು ಇವರು ಹೇಳಿದ್ದರು. ನನಗೆ ನಂಬಿಕೆಯಾಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅದೇ ಬೋಲ್ಟ್ ಬದಲಿಸುವಾಗ ನಾನು ಗಡಿಯಾರ ನೋಡಿದೆ. ಪ್ಲೇಟುಗಳನ್ನು ಸಿ ಕ್ಲಾಂಪಿನಲ್ಲಿ ಅದುಮಿ ಹಿಡಿದವಳು ನಾನೇ. ನಲವತ್ತು ನಿಮಿಷ.

ಅಂದಿನಿಂದ ಜೀಪಿನ ಕೆಲಸದಲ್ಲಿ ನಾನೂ ಕೈ ಹಾಕುತ್ತೇನೆ. ಮುರಿದ ಸ್ಪ್ರಿಂಗ್ ಪ್ಲೇಟನ್ನು ವೆಲ್ಡ್ ಮಾಡಿಸಬಾರದು ಎಂಬುದು ಈಗ ನನಗೆ ಗೊತ್ತು. ಬೆಂಕಿ ತಾಗಿದಲ್ಲಿ ಉಕ್ಕಿನ ಹದ ಹೋಗಿ, ಬೆಸುಗೆಯ ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ. ಅದರ ಬದಲು ಎರಡನೆಯ ಪ್ಲೇಟಿನ ತುದಿಯನ್ನು ಮೈನ್ ಪ್ಲೇಟಿನ ಕಿವಿಯ ಸುತ್ತ ಬಳಸಿ ಬರುವಂತೆ ಮಾಡಿಸಿದ್ದೇವೆ. ಮೈನ್ ಪ್ಲೇಟು ಮುರಿದರೂ ಆ್ಯಕ್ಸಲ್ ಕಳಚಿ ಹೋಗದೆ ಎರಡನೆಯದು ಹಿಡಿದುಕೊಳ್ಳುತ್ತದೆ. ಚಾಸಿಸಿನಲ್ಲಿ ಬಿರುಕು ಕಂಡರೆ ಕತೆ ಬೇರೆ. ಮೊದಲು ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆಯಬೇಕು, ಇಲ್ಲದಿದ್ದರೆ ಎಷ್ಟು ಬೆಸೆದರೂ ಅದು ಒಳಗೊಳಗೆ ಹರಿಯುತ್ತಲೇ ಹೋಗುತ್ತದೆ. ಆಮೇಲೆ ವೆಲ್ಡಿಂಗ್, ಅದರ ಮೇಲೆ ವಜ್ರದ ಆಕಾರದ ತುಂಡು. ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿಯ ವಯರು ಬಿಚ್ಚಿಡಬೇಕು. ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮುರಿದರೆ ಶಾಫ್ಟನ್ನೇ ಬಿಚ್ಚಿ ಜೀಪಿನೊಳಗೆ ಹಾಕಿ, ಫೋರ್ ವೀಲ್ ಗೇರು ಹಾಕಿ ಮುಂದಿನ ಚಕ್ರಗಳ ಬಲದಲ್ಲಿ ಮೆಲ್ಲನೆ ಮನೆ ಸೇರಬಹುದು. ಡೀಸೆಲ್ ಪೈಪಿಗೆ ಗಾಳಿ ಹಿಡಿದರೆ ಅದನ್ನು ತೆಗೆಯುವುದು ನನ್ನ ಮಗಳಿಗೂ ಬರುತ್ತದೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿದರಾಯಿತು. ಸಾರು ಕುದಿಸುವುದಕ್ಕಿಂತ ಕಷ್ಟವೇನಲ್ಲ!

ಪೆಟ್ಟಿಗೆಯ ವಿಷಯ ಹೇಳಲಿಲ್ಲ. ಉಮ್ಮ ಆಸ್ಪತ್ರೆಯಿಂದ ಬಂದ ಕೆಲವು ದಿನಗಳಲ್ಲಿ ಜೀಪು ತೊಳೆಯುವಾಗ ನೋಡುತ್ತೇನೆ, ಸೀಟಿನಡಿಯಲ್ಲಿ ಅದೇ ತಗಡಿನ ಪೆಟ್ಟಿಗೆ, ಮುಚ್ಚಳದ ಮೇಲೆ ಅದೇ ನೀಲಿ ಬಣ್ಣದ ಕಲೆ. ಒಳಗೆ ಎರಡು ಸೆಂಟರ್ ಬೋಲ್ಟೂ ಇದ್ದವು. ಗುಜರಿ ಅಂಗಡಿಗೆ ಹೋಗಿ ಹುಡುಕಿ ತಂದಿದ್ದರು. ಪ್ಲೇಟುಗಳು ಮಾತ್ರ ಲಾರಿ ಹತ್ತಿ ಹೋಗಿದ್ದವಂತೆ.

"ಎಷ್ಟು ಕೊಟ್ಟಿರಿ?" ಎಂದು ಕೇಳಿದೆ.

"ಎರಡು ಡಬ್ಬಿಗಿಂತ ಸ್ವಲ್ಪ ಜಾಸ್ತಿ" ಎಂದರು.