ಕಿಲುಬು ಹಿಡಿದ ಮೈಕು

ನಮ್ಮ ಕನ್ನಡ ಸಂಘದ ಹತ್ತಿರ ಒಂದು ಟ್ಯೂಬ್ ಮೈಕ್ ಇದೆ. ಹೋದ ವರ್ಷ ಬೆಂಗಳೂರಲ್ಲಿ ಬಾಗಿಲು ಹಾಕಿದ ಒಂದು ಸಣ್ಣ ಸ್ಟುಡಿಯೋದಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಆರು ಜನ ದುಡ್ಡು ಹಾಕಿದ್ವಿ. ಕಾರಣ ಇಷ್ಟೇ: ನಮ್ಮಲ್ಲೊಬ್ಬನ ಅಜ್ಜಿ ಕುಂದಾಪುರದ ಹತ್ತಿರದ ಹಳ್ಳಿಯವರು, ಮದುವೆ ಹಾಡು, ನಟ್ಟಿ ಹಾಡು ಎಲ್ಲ ಹೇಳ್ತಾರೆ. ಮೊಬೈಲಲ್ಲಿ ರೆಕಾರ್ಡ್ ಮಾಡಿದ್ರೆ ಅಜ್ಜಿಗಿಂತ ಫ್ಯಾನ್ ಸದ್ದೇ ಜಾಸ್ತಿ ಕೇಳ್ತಿತ್ತು. (ಒಳ್ಳೆ ಮೈಕು ಫ್ಯಾನನ್ನೂ ಇನ್ನೂ ಚೆನ್ನಾಗಿ ಹಿಡಿಯುತ್ತೆ ಅಂತ ಆಮೇಲೆ ಗೊತ್ತಾಯ್ತು.)

ಜುಲೈ ತಿಂಗಳು, ಹೊರಗೆ ಧೋ ಅಂತ ಮಳೆ. ಅಜ್ಜಿ ಜಗಲಿಯಲ್ಲಿ ಕೂತು ಮದುವೆ ಹಾಡು ಶುರು ಮಾಡಿದ್ರು. ಎರಡು ನಿಮಿಷ ಚೆನ್ನಾಗಿತ್ತು. ಆಮೇಲೆ ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿದ ಹಾಗೆ ಚಟಪಟ ಶುರುವಾಯ್ತು. ನಿಲ್ಲಿಸೋಕೆ ಮನಸ್ಸಾಗದೆ ಹಾಗೇ ಪೂರ್ತಿ ರೆಕಾರ್ಡ್ ಮಾಡಿದ್ವಿ. ಮುಗಿದ ಮೇಲೆ ಅಜ್ಜಿ ಹೆಡ್‌ಫೋನ್ ಹಾಕ್ಕೊಂಡು ಕೇಳಿ ಮುಖ ಸಣ್ಣ ಮಾಡಿಕೊಂಡ್ರು. "ಎಂತ ಮಕ್ಳೆ, ನನ್ನ ಸ್ವರವೇ ಹೀಂಗ್ ಹಾಳಾಯ್ತಾ?" ಅಂದ್ರು. ಅಲ್ಲ ಅಜ್ಜಿ, ಹಾಳಾಗಿರೋದು ಮೈಕು ಅಂತ ಎಷ್ಟು ಹೇಳಿದ್ರೂ ಅವರು ನಂಬಿದ ಹಾಗೆ ಕಾಣಲಿಲ್ಲ. ವಾಪಸ್ ಬರುವಾಗ ಬಸ್ಸಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ.

ತಪ್ಪು ನಮ್ಮದೇ. ಮೈಕು ಬಂದಾಗ ಇದ್ದ ಹಳೇ ಪೆಟ್ಟಿಗೆಯಲ್ಲೇ ಇಟ್ಟು, ಪೆಟ್ಟಿಗೆಯನ್ನು ಸಂಘದ ರೂಮಿನ ನೆಲದ ಮೇಲೆ ಬಿಟ್ಟಿದ್ವಿ. ನಮ್ಮ ಕಾಲೇಜು ಇರೋದು ಕರಾವಳಿಯಲ್ಲಿ. ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿಗೆಲ್ಲ ಬೂಷ್ಟು ಬರೋ ಊರಲ್ಲಿ ಮೈಕನ್ನು ಮಾತ್ರ ಹಾಗೇ ಇಡಬಹುದು ಅಂತ ಯಾಕೆ ಅಂದ್ಕೊಂಡ್ವೋ ಗೊತ್ತಿಲ್ಲ.

ಈ ಮೈಕಿನ ಒಳಗೆ ಕೆಲವೇ ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ ಇರುತ್ತೆ, ಅದಕ್ಕೆ ಚಿನ್ನದ ತೆಳು ಲೇಪ. ಹಾಳೆ ಮತ್ತು ಅದರ ಹಿಂದಿನ ಲೋಹದ ತಟ್ಟೆ ಸೇರಿದರೆ ಒಂದು ಪುಟ್ಟ ಕೆಪಾಸಿಟರ್. ಅದರ ಸಿಗ್ನಲ್ ಎಷ್ಟು ನಾಜೂಕು ಅಂದ್ರೆ, ಟ್ಯೂಬಿಗೆ ಹೋಗುವ ಜಾಗದಲ್ಲಿ ಹಾಕಿರುವ ರೆಸಿಸ್ಟರ್ ನೂರಾರು ಮೆಗಾಓಮ್‌ನದು. ಲ್ಯಾಬಲ್ಲಿ 1 ಕೆ, 10 ಕೆ ನೋಡಿದ ನಮಗೆ ಇದು ತಲೆಗೆ ಹೋಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಅಂಥ ಕಡೆ ಉಪ್ಪು ಬೆರೆತ ತೇವದ ಒಂದು ತೆಳು ಪದರ ಕೂತರೂ ಸಾಕು, ಕರೆಂಟು ಅಲ್ಲಿಂದ ಸೋರುತ್ತೆ. ನಮಗೆ ಕೇಳಿದ ಸಾಸಿವೆ ಸದ್ದು ಅದೇ. ಬೆರಳಿನ ಬೆವರೂ ಉಪ್ಪುನೀರೇ, ಹಾಗಾಗಿ ಅಲ್ಲಿ ಕೈಯಿಂದ ಮುಟ್ಟಲೇಬಾರದು.

ಲ್ಯಾಬಿನ ಇನ್‌ಸ್ಟ್ರಕ್ಟರ್ ಸರ್ ಮುಂದೆ ಅದನ್ನು ಬಿಚ್ಚಿದ್ವಿ. ಬಿಚ್ಚೋ ಮುಂಚೆ ಅವರು ಚೆನ್ನಾಗಿ ಬೈದ್ರು, ಯಾಕಂದ್ರೆ ನಾವು ಪವರ್ ಸಪ್ಲೈ ಆಫ್ ಮಾಡಿ ತಕ್ಷಣ ಸ್ಕ್ರೂಡ್ರೈವರ್ ಹಿಡಿದಿದ್ವಿ. ಟ್ಯೂಬಿಗೆ ನೂರಕ್ಕೂ ಹೆಚ್ಚು ವೋಲ್ಟ್ ಹೋಗುತ್ತೆ, ಆಫ್ ಮಾಡಿದ ಮೇಲೂ ಕೆಪಾಸಿಟರಲ್ಲಿ ಉಳಿದಿರುತ್ತೆ. ಕೇಬಲ್ ತೆಗೆದು, ಕಾದು, ಮಲ್ಟಿಮೀಟರಲ್ಲಿ ಸೊನ್ನೆ ನೋಡಿ ಆಮೇಲೆ ಮುಟ್ಟಬೇಕು.

ಒಳಗೆ ಟ್ಯೂಬಿನ ಕಾಲುಗಳು ಕಪ್ಪಾಗಿದ್ವು. ಸಾಕೆಟ್ಟಿನ ಹಿತ್ತಾಳೆಗೆ ಹಸಿರು ಕಿಲುಬು. ಪೆಟ್ಟಿಗೆಯ ಫೋಮ್ ಮುಟ್ಟಿದ್ರೆ ಅಂಟಂಟಾಗಿ ಪುಡಿಯಾಗ್ತಿತ್ತು, ತೇವವನ್ನೆಲ್ಲ ಹಿಡಿದಿಟ್ಟುಕೊಂಡಿದ್ದು ಅದೇ. ಕಿಲುಬು ನೋಡಿದ್ದೇ ತಡ, ನಮ್ಮಲ್ಲೊಬ್ಬಳು "ಹುಣಸೆಹಣ್ಣು ಹಾಕಿ ತಿಕ್ಕೋಣ್ವಾ?" ಅಂದಳು. ನಕ್ಕ್ವಿ. ಆದ್ರೆ ಯೋಚನೆ ಪೂರ್ತಿ ತಪ್ಪಲ್ಲ, ದೇವರ ದೀಪಕ್ಕೆ ಕೆಲಸ ಮಾಡೋದು ಅದೇ ಹುಳಿ. ದೀಪವನ್ನಾದರೆ ಆಮೇಲೆ ನೀರಲ್ಲಿ ತೊಳೀಬಹುದು, ಸಾಕೆಟ್ಟನ್ನು ಆಗಲ್ಲ. ಒಳಗೆ ಉಳಿದ ಹುಳಿ ಮತ್ತೆ ಲೋಹವನ್ನೇ ತಿನ್ನುತ್ತೆ.

ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ನೂಲು ಬಿಡದ ಬಟ್ಟೆ ಅದ್ದಿ ಕಾಲುಗಳನ್ನು ಒರೆಸಿದ್ವಿ. ಟ್ಯೂಬನ್ನು ನೇರವಾಗಿ ನಾಲ್ಕೈದು ಸಲ ಹಾಕಿ ತೆಗೆದ್ವಿ, ಆ ಉಜ್ಜುವಿಕೆಗೇ ಅರ್ಧ ಕಿಲುಬು ಹೋಯ್ತು. ಕೇಬಲ್ಲಿನ ಏಳು ಪಿನ್ನುಗಳಿಗೂ ಅದೇ ಉಪಚಾರ. ಕ್ಯಾಪ್ಸೂಲ್ ಹತ್ತಿರ ಮಾತ್ರ ಯಾರೂ ಹೋಗಲಿಲ್ಲ, ಊದಲೂ ಇಲ್ಲ. ಧೂಳು ಕಾಣ್ತಿತ್ತು, ಕೈ ತುರಿಸ್ತಿತ್ತು, ಬಿಟ್ಟ್ವಿ. ಅದು ಹೋದ್ರೆ ನಮ್ಮ ಮೈಕೇ ಹೋದ ಹಾಗೆ. 1949ರಲ್ಲಿ ಬಂದ ಪ್ರಸಿದ್ಧ ನ್ಯೂಮನ್ ಯು 47 ಮೈಕಿನ ಮೊದಲಿನ ಕ್ಯಾಪ್ಸೂಲ್‌ಗಳಲ್ಲಿ ಹಾಳೆ ಪಿವಿಸಿಯದಾಗಿತ್ತು. ಅವು ವಯಸ್ಸಾದ ಹಾಗೆ ಗಟ್ಟಿಯಾಗಿ ಬಿರುಕು ಬಿಡ್ತವೆ, ಯಾರು ಎಷ್ಟೇ ಜೋಪಾನ ಮಾಡಿದರೂ. ನಮ್ಮದು ಅಷ್ಟು ದೊಡ್ಡ ಮನೆತನದ್ದಲ್ಲ, ಆದರೂ ಭಯ ಭಯವೇ.

ಈಗ ಮೈಕು ರಬ್ಬರ್ ರಿಂಗ್ ಇರುವ ಗಾಳಿಯಾಡದ ಡಬ್ಬಿಯಲ್ಲಿದೆ. ಜೊತೆಗೆ ಬಟ್ಟೆ ಚೀಲದಲ್ಲಿ ಸಿಲಿಕಾ ಜೆಲ್, ಒಂದು ಅಗ್ಗದ ತೇವಾಂಶ ಮಾಪಕ. ಮೊದಲ ದಿನ ರೂಮಲ್ಲಿ ಅದು 91 ತೋರಿಸ್ತು, ಡಬ್ಬಿಯೊಳಗೆ ಮರುದಿನ 45. ಕಿತ್ತಳೆ ಬಣ್ಣದ ಮಣಿಗಳು ತೇವ ಕುಡಿದು ಹಸಿರಾದಾಗ ಬಿಸಿ ಮಾಡಿದ್ರೆ ಮತ್ತೆ ಕಿತ್ತಳೆ. ಅದಕ್ಕೇ ಅಂತ ಒಂದು ಹಳೇ ಬಾಣಲೆ ಇಟ್ಟಿದ್ದೀವಿ, ಅದರಲ್ಲಿ ಅಡುಗೆ ಮಾಡಬಾರದು ಅಂತ ದೊಡ್ಡದಾಗಿ ಬರೆದಿದ್ದೀವಿ, ಹಾಸ್ಟೆಲ್ ಅಲ್ವಾ. ಎಸಿ ರೂಮಿಂದ ಮೈಕನ್ನು ನೇರ ಹೊರಗೆ ತರೋದನ್ನೂ ಬಿಟ್ಟ್ವಿ. ಕನ್ನಡಕದ ಮೇಲೆ ಮಂಜು ಕೂರೋ ಹಾಗೇ ಕ್ಯಾಪ್ಸೂಲ್ ಮೇಲೂ ಕೂರುತ್ತೆ. ರೆಕಾರ್ಡಿಂಗ್‌ಗೆ ಅರ್ಧ ಗಂಟೆ ಮುಂಚೆ ಆನ್ ಮಾಡ್ತೀವಿ. ಟ್ಯೂಬ್ ಬೆಚ್ಚಗಾಗಲಿ, ಒಳಗಿನ ತೇವ ಹೋಗಲಿ ಅಂತ.

ನವೆಂಬರಲ್ಲಿ ಮತ್ತೆ ಅಜ್ಜಿ ಮನೆಗೆ ಹೋದ್ವಿ. ಒಂದು ಸಲವೂ ಚಟಪಟ ಇಲ್ಲ. ಅಜ್ಜಿ ಕಿವಿಗೆ ಹೆಡ್‌ಫೋನ್ ಇಟ್ಟಾಗ ನಾವೆಲ್ಲ ಅವರ ಮುಖವನ್ನೇ ನೋಡ್ತಿದ್ವಿ. ಸುಮಾರು ಹೊತ್ತು ಕೇಳಿ, ಆಮೇಲೆ "ಇದು ನಾನೇ" ಅಂದ್ರು.

ಆದ್ರೆ ಈ ಸಲ ಮದುವೆ ಹಾಡಿನ ನಡುವಿನ ಎರಡು ನುಡಿ ಅವರಿಗೆ ನೆನಪಾಗಲಿಲ್ಲ. ಆ ಎರಡು ನುಡಿ ಇರೋದು ಜುಲೈ ರೆಕಾರ್ಡಿಂಗಲ್ಲಿ ಮಾತ್ರ, ಸಾಸಿವೆ ಸದ್ದಿನ ಮಧ್ಯೆ. ಒಬ್ಬ ಸಾಫ್ಟ್‌ವೇರಲ್ಲಿ ಸದ್ದು ತೆಗೆದು ನೋಡಿದ, ಅಜ್ಜಿ ಉಸಿರೂ ಅದರ ಜೊತೆಗೇ ಹೋಯ್ತು. ಹಾಗಾಗಿ ಎರಡು ಫೈಲನ್ನೂ ಹಾಗೇ ಇಟ್ಟಿದ್ದೀವಿ. ಮೊನ್ನೆ ನೋಡಿದ್ರೆ ಮಣಿಗಳು ಮತ್ತೆ ಹಸಿರಾಗಿದ್ವು. ಈ ವಾರ ಹುರಿಯೋ ಸರದಿ ಯಾರದ್ದು ಅಂತ ಇನ್ನೂ ಜಗಳ ನಡೀತಿದೆ.